ವಿಟಮಿನ್ ಡಿ ಬ್ಲಡ್ ಟೆಸ್ಟ್: 25 ಮಾಡಿಸ್ಬೇಕೋ, 1,25 ಮಾಡಿಸ್ಬೇಕೋ, ಇಲ್ಲಾ ಟೆಸ್ಟೇ ಬ್ಯಾಡೋ

ಲ್ಯಾಬ್ ಕೌಂಟರ್‌ನಾಗ ನಿಂತು "ವಿಟಮಿನ್ ಡಿ ಮಾಡ್ರಿ" ಅಂದ್ರ ಕೆಲಸ ಮುಗೀತು ಅನ್ಕೊಂಡಿರ್ತೀವಿ, ಆದ್ರ ಅಲ್ಲಿ ಎರಡು ಬ್ಯಾರೆ ಬ್ಯಾರೆ ಟೆಸ್ಟ್ ಅದಾವು. ಒಂದು 25-ಹೈಡ್ರಾಕ್ಸಿ ವಿಟಮಿನ್ ಡಿ. ಇನ್ನೊಂದು 1,25-ಡೈಹೈಡ್ರಾಕ್ಸಿ ವಿಟಮಿನ್ ಡಿ, ಇದಕ್ಕೇ ಕ್ಯಾಲ್ಸಿಟ್ರಿಯಾಲ್ ಅಂತಾನೂ ಆಕ್ಟಿವ್ ವಿಟಮಿನ್ ಡಿ ಅಂತಾನೂ ಕರೀತಾರ. ದೇಹದಾಗ ನಿಜವಾಗ್ಲೂ ದುಡಿಯೋದು ಈ ಎರಡನೇದೇ, ಅದಕ್ಕ ಮೊಬೈಲ್‌ನಾಗ ಒಂದಿಷ್ಟು ಓದ್ಕೊಂಡು ಬಂದವ್ರು "ಆಕ್ಟಿವ್ ಇರೋದೇ ಮಾಡಿಬಿಡ್ರಿ, ರೊಕ್ಕ ಹೆಚ್ಚಾದ್ರೂ ನಡೀತೈತಿ" ಅಂತಾರ. ಮೊಣಕಾಲು ನೋವು, ಸೊಂಟ ನೋವು, ಸುಸ್ತು, ಕಾಲು ಸೆಳೆತ ಅಂತ ಹೋಗೋ ನಮ್ಮಂಥವ್ರಿಗೆ ಬೇಕಾಗಿರೋದು ಮೊದಲನೇದು, 25. ಎರಡನೇದು ಕಿಡ್ನಿ ತೊಂದ್ರೆ, ಕಾರಣ ಗೊತ್ತಾಗದಂಗ ಏರಿರೋ ಕ್ಯಾಲ್ಸಿಯಂ, ಮಕ್ಕಳ ಎಲುವಿನ ಕೆಲವು ಅಪರೂಪದ ಕಾಯಿಲೆ ಇಂಥಾವಕ್ಕ, ಅದೂ ಡಾಕ್ಟ್ರು ಒಂದು ಕಾರಣ ಇಟ್ಕೊಂಡು ಚೀಟಿಯಾಗ ಬರೆದಾಗ ಅಷ್ಟ. ಯಾಕೆ ಅಂತ ಈಗ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೈಮ್ಯಾಲ ಬಿಸಿಲು ಬಿದ್ದಾಗ ಚರ್ಮದಾಗ ಡಿ3 ತಯಾರಾಗ್ತೈತಿ, ಇಲ್ಲಾ ಮಾತ್ರೆ ಸ್ಯಾಶೆ ಮೂಲಕ ಒಳಗ ಹೋಗ್ತೈತಿ. ಅದು ಹಂಗೇ ಕೆಲಸಕ್ಕ ಬರಂಗಿಲ್ಲ. ಲಿವರ್‌ಗೆ ಹೋಗಿ 25-ಹೈಡ್ರಾಕ್ಸಿ ಆಗ್ತೈತಿ, ಇದು ರಕ್ತದಾಗ ನಿಧಾನಕ್ಕ ಕರಗೋ ಮಾಲು, ಅರ್ಧ ಆಗಾಕ ಎರಡ್ಮೂರು ವಾರ ಹಿಡೀತೈತಿ. ಆಮ್ಯಾಲ ಕಿಡ್ನಿ ಇದ್ರಾಗಿಂದ ಬೇಕಾದಷ್ಟೇ ತಗೊಂಡು 1,25 ಮಾಡ್ತೈತಿ, ಅದು ಕೆಲವೇ ತಾಸಿನಾಗ ಖಾಲಿ. ಎಷ್ಟು ಮಾಡ್ಬೇಕು ಅಂತ ಕಿಡ್ನಿಗೆ ಹುಕುಂ ಕೊಡೋದು ಕುತ್ತಿಗಿಯಾಗಿರೋ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು, ಚೀಟಿಯಾಗ ಪಿಟಿಎಚ್ ಅಂತ ಬರೀತಾರಲ್ಲ ಅದು. ರಕ್ತದಾಗ ಕ್ಯಾಲ್ಸಿಯಂ ಕಮ್ಮಿಯಾಗಾಕ ಶುರುವಾದ್ರ ಪಿಟಿಎಚ್ ಏರ್ತೈತಿ, ಪಿಟಿಎಚ್ ಏರಿದ್ರ ಕಿಡ್ನಿ ಹೆಚ್ಚು 1,25 ತಯಾರು ಮಾಡ್ತೈತಿ.

ನಮ್ಮ ತುಂಗಭದ್ರಾ ಡ್ಯಾಂ ಇಟ್ಕೊಂಡು ಹೇಳ್ಬೇಕಂದ್ರ 25 ಅನ್ನೋದು ಡ್ಯಾಂನಾಗ ಎಷ್ಟು ನೀರೈತಿ ಅನ್ನೋ ಮಟ್ಟ, 1,25 ಅನ್ನೋದು ಇವತ್ತು ಎಡದಂಡೆ ಕಾಲುವಿಗೆ ಬಿಟ್ಟಿರೋ ನೀರು. ಡ್ಯಾಂ ತುಂಬಿ ಮಟ್ಟ 1633 ಅಡಿ ಇರ್ಲಿ, ತಳ ಹತ್ತಿರ್ಲಿ, ಗೇಟ್ ಎತ್ತಿದ್ರ ಕಾಲುವಿ ಹರೀತೈತಿ. ಸಿಂಧನೂರು ಕಡೆ ರೈತ ಕಾಲುವಿ ಹರಿಯೋದು ನೋಡಿ ಎರಡನೇ ಬೆಳಿ ಭತ್ತಕ್ಕ ಕೈ ಹಾಕಲ್ಲ, ಡ್ಯಾಂ ಮಟ್ಟ ಎಷ್ಟೈತಿ ಅಂತ ಕೇಳ್ತಾನ.

ಆಕ್ಟಿವ್ ಟೆಸ್ಟ್ ಎಡವೋದು ಇಲ್ಲೇ. ವಿಟಮಿನ್ ಡಿ ನಿಜವಾಗ್ಲೂ ಕಮ್ಮಿ ಇರೋ ಮನುಷ್ಯಗ ಪಿಟಿಎಚ್ ಏರಿರ್ತೈತಿ, ಅದು ಕಿಡ್ನಿ ಮ್ಯಾಲ ಒತ್ತಡ ಹಾಕಿ ಇದ್ದಬದ್ದ 25ನ್ನೆಲ್ಲಾ 1,25 ಮಾಡಿಸ್ತೈತಿ, ಹಿಂಗಾಗಿ ರಿಪೋರ್ಟ್‌ನಾಗ 1,25 ನಾರ್ಮಲ್ ಬರ್ತೈತಿ, ಒಮ್ಮೊಮ್ಮೆ ನಾರ್ಮಲ್‌ಗಿಂತ ಮ್ಯಾಲೇ ಬರ್ತೈತಿ. ರಿಪೋರ್ಟ್ ನೋಡಿ ಖುಷಿಯಾಗಿ ಮನಿಗೆ ಹೋಗ್ತೀರಿ, ಎಲುವು ಮಾತ್ರ ಒಳಗ ಸವೀತಾ ಇರ್ತೈತಿ. ಕೊರತೆ ತೀರಾ ಕೆಟ್ಟು, 25 ಅನ್ನೋದು ಬಹುತೇಕ ತಳ ಕಂಡಾಗಷ್ಟೇ 1,25 ಬೀಳೋದು. ಉಲ್ಟಾ ಕೇಸೂ ಐತಿ. ವಾರಕ್ಕೊಂದು ಕುಡಿಬೇಕಾದ 60,000 ಯೂನಿಟ್ ಸ್ಯಾಶೆನ ದಿನಾ ಕುಡಿದು ವಿಷ ಮಾಡ್ಕೊಂಡವ್ರಾಗ 25 ಆಕಾಶಕ್ಕ ಹೋಗಿರ್ತೈತಿ, ಸಾಮಾನ್ಯವಾಗಿ 150 ದಾಟಿರ್ತೈತಿ, 1,25 ಮಾತ್ರ ನಾರ್ಮಲ್ ಆಜೂಬಾಜೂನೇ ಇರಬಹುದು, ಕಮ್ಮೀನೂ ಇರಬಹುದು. ಅಂದ್ರ ಕೊರತೆ ಹಿಡಿಯಾಕೂ 25, ಅತಿಯಾಗಿದ್ದು ಹಿಡಿಯಾಕೂ 25.

ಚೀಟಿ ಮತ್ತ ರಿಪೋರ್ಟ್ ಓದೋದು ಹೆಂಗ

ಗೊಂದಲ ಶುರುವಾಗೋದು ಹೆಸರಿನಿಂದ. ಎರಡರಾಗೂ 25 ಐತಿ, ಎರಡರಾಗೂ ಹೈಡ್ರಾಕ್ಸಿ ಐತಿ, ಬಿಲ್ ಹಾಕೋ ಹುಡುಗನೂ ಅವಸರದಾಗ ಇರ್ತಾನ. ಮುಂದ 1 ಐತೋ ಇಲ್ಲೋ ನೋಡ್ರಿ, ಸುಮ್ನ "ವಿಟಮಿನ್ ಡಿ ಟೋಟಲ್" ಅಂತ ಬರೆದಿದ್ರ ಅದು 25. ಇನ್ನೊಂದು ಗುರುತು ಯೂನಿಟ್ಟು. 25 ಬರೋದು ನ್ಯಾನೋಗ್ರಾಂನಾಗ (ng/mL), 1,25 ಬರೋದು ಪಿಕೋಗ್ರಾಂನಾಗ (pg/mL), ನ್ಯಾನೋಗ್ರಾಂ ಅಂದ್ರ ಪಿಕೋಗ್ರಾಂಗಿಂತ ಸಾವಿರ ಪಟ್ಟು. ರಕ್ತದಾಗ ಆಕ್ಟಿವ್ ಡಿ ಅಷ್ಟು ಕಮ್ಮಿ ಇರ್ತೈತಿ, ಅದಕ್ಕೇ ಅಳಿಯೋದು ಕಷ್ಟ, ಅದಕ್ಕೇ ರೇಟೂ ಬಾಳ ಜಾಸ್ತಿ. ಒಂದು ರಿಪೋರ್ಟ್‌ನಾಗ 40 ಅಂತೈತಿ, ಇನ್ನೊಂದ್ರಾಗೂ 40 ಅಂತೈತಿ ಅಂದ್ರ ಎರಡೂ ಒಂದೇ ಅಲ್ಲ, ಯೂನಿಟ್ ನೋಡದ ಹೋಲಿಸಬ್ಯಾಡ್ರಿ. ಹೊರದೇಶದಾಗಿರೋ ಮಗನೋ ಮಗಳೋ ತಮ್ಮ ರಿಪೋರ್ಟ್ ಕಳಿಸಿ "ನಂದು 60 ಐತಿ, ನಿಮ್ದು ಯಾಕಪ್ಪ 24" ಅಂತ ಕೇಳಿದ್ರೂ ಗಾಬರಿ ಬ್ಯಾಡ, ಕೆಲವು ದೇಶದಾಗ ನ್ಯಾನೋಮೋಲ್ ಲೆಕ್ಕದಾಗ ಬರೀತಾರ, ಅದನ್ನ 2.5ರಿಂದ ಭಾಗಿಸಿದ್ರ ನಮ್ಮ ಲೆಕ್ಕ ಬರ್ತೈತಿ. ಅವ್ರ 60 ಅಂದ್ರ ನಮ್ಮ 24.

25ರ ನಂಬರ್ ಎಷ್ಟಿರ್ಬೇಕು ಅನ್ನೋದ್ರಾಗ ಪಂಡಿತರ ನಡುವೇನೇ ಒಮ್ಮತ ಇಲ್ಲ. ಅಮೆರಿಕದ ಎಂಡೊಕ್ರೈನ್ ಸೊಸೈಟಿ (ಹಾರ್ಮೋನು ತಜ್ಞರ ಸಂಘ) 2011ರಾಗ 20ಕ್ಕಿಂತ ಕಮ್ಮಿ ಇದ್ರ ಕೊರತೆ, 21ರಿಂದ 29 ಸಾಲದು, 30 ದಾಟಿದ್ರ ಸಾಕು ಅಂತ ಹೇಳಿತ್ತು. ಅದೇ ಹೊತ್ತಿಗೆ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೆಚ್ಚಿನ ಜನಕ್ಕ 20 ಇದ್ರ ಸಾಕು, 12ಕ್ಕಿಂತ ಕೆಳಗಿದ್ರ ಅಪಾಯ ಅಂತು. ನಮ್ಮ ಲ್ಯಾಬ್‌ಗಳ ರಿಪೋರ್ಟ್‌ನಾಗ ಇವತ್ತಿಗೂ ಹೆಚ್ಚಾಗಿ ಅಚ್ಚಾಗೋದು ಆ 30ರ ಗೆರೆ, ಅದಕ್ಕ 26 ಬಂದವ್ರ ಮುಂದ ದಪ್ಪ ಅಕ್ಷರದಾಗ ಕಮ್ಮಿ ಅಂತ ಬರ್ತೈತಿ, ಅವ್ರು ರಾತ್ರಿ ನಿದ್ದಿ ಕೆಡಿಸ್ಕೊಳ್ತಾರ. 2024ರಾಗ ಅದೇ ಎಂಡೊಕ್ರೈನ್ ಸೊಸೈಟಿ ತನ್ನ ಹಳೇ 20, 30ರ ಗೆರೆನ ಕೈಬಿಟ್ಟೈತಿ, ಆರೋಗ್ಯವಾಗಿರೋ ದೊಡ್ಡವ್ರಿಗೆ ಸುಮ್‌ಸುಮ್ನ ಈ ಟೆಸ್ಟ್ ಮಾಡಿಸೋದೂ ಬ್ಯಾಡ ಅಂದೈತಿ. 26 ಬಂದವ್ರಿಗೆ ನಾನು ಹೇಳೋದು ಇಷ್ಟೇ, ಅದು ರೋಗ ಅಲ್ಲ. 9 ಬಂದವ್ರು ಮಾತ್ರ ತಡ ಮಾಡಬ್ಯಾಡ್ರಿ.

1,25ಕ್ಕ ಸುಮಾರಾಗಿ 20ರಿಂದ 75 ಪಿಕೋಗ್ರಾಂ ಒಳಗ ಅಂತ ಹಿಡೀತಾರ, ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ, ನಿಮ್ಮ ರಿಪೋರ್ಟ್‌ನ ಬಲಗಡೆ ಕೊಟ್ಟಿರೋ ರೇಂಜ್ ನೋಡ್ಬೇಕು. ಬಸುರಿ ಹೆಣ್ಣುಮಕ್ಕಳಿಗೆ ಇದು ಎರಡ್ಮೂರು ಪಟ್ಟು ಏರಿರ್ತೈತಿ, ಅದು ಸಹಜ.

ಹಂಗಾದ್ರ 1,25 ಯಾರಿಗೆ

ಮೊದ್ಲು ಕಿಡ್ನಿ. ಕಿಡ್ನಿ ಸೋತಾಗ 25 ಎಷ್ಟೇ ಇದ್ರೂ ಅದನ್ನ ಆಕ್ಟಿವ್ ಮಾಡೋ ಶಕ್ತಿ ಕಮ್ಮಿಯಾಗ್ತೈತಿ, ಆಗ 1,25 ಬೀಳ್ತೈತಿ, ಪಿಟಿಎಚ್ ಏರ್ತೈತಿ, ಎಲುವು ಹಾಳಾಗ್ತೈತಿ. ಹಂಗಂತ ಕಿಡ್ನಿ ಪೇಷಂಟ್ ಎಲ್ಲರಿಗೂ ಇದೇ ಟೆಸ್ಟ್ ಬೇಕು ಅಂತಲ್ಲ, ಡಯಾಲಿಸಿಸ್ ಆಗೋರಿಗೆ ಡಾಕ್ಟ್ರು ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್, ಆಲ್ಕಲೈನ್ ಫಾಸ್ಫಟೇಸ್ (ಎಲುವು, ಲಿವರ್‌ನಾಗಿರೋ ಒಂದು ಕಿಣ್ವ) ನೋಡ್ಕೊಂಡೇ ಔಷಧಿ ಹೊಂದಿಸ್ತಾರ, ಜೊತೀಗೆ 25 ನೋಡ್ತಾರ. ಎಷ್ಟೋ ಸಲ 1,25 ನಂಬರ್ ಇಲ್ಲದೇನೇ ಕೆಲಸ ನಡೀತೈತಿ. ಹಿಂಗಾಗಿ ನೆಫ್ರಾಲಜಿ ಡಾಕ್ಟ್ರು ಬರೀಲಿಲ್ಲ ಅಂದ್ರ ನಾವಾಗೇ ಮೈಮ್ಯಾಲ ಬಿದ್ದು ಮಾಡಿಸೋದು ದಂಡ.

ಎರಡನೇದು ಕ್ಯಾಲ್ಸಿಯಂ ಏರಿದ್ದು. ರಕ್ತದ ಕ್ಯಾಲ್ಸಿಯಂ ಮ್ಯಾಲ ಹೋಗೈತಿ, ಪಿಟಿಎಚ್ ನೋಡಿದ್ರ ಕೆಳಗೈತಿ, 25ನೂ ಅಂಥಾ ಹೆಚ್ಚೇನಿಲ್ಲ, ಹಂಗಾದ್ರ ಕ್ಯಾಲ್ಸಿಯಂ ಎಲ್ಲಿಂದ ಬಂತು? ಈ ಪ್ರಶ್ನೆಗೆ 1,25 ಟೆಸ್ಟ್ ಬಾಳ ಚೊಲೋ ಉತ್ತರ ಕೊಡ್ತೈತಿ. ಟಿಬಿ (ಕ್ಷಯ), ಸಾರ್ಕಾಯ್ಡ್ (ಮೈಯೊಳಗ ಸಣ್ಣ ಗಂಟು ಕಟ್ಟೋ ಕಾಯಿಲೆ), ಕೆಲವು ಲಿಂಫೋಮಾ (ಒಂದು ಥರದ ಕ್ಯಾನ್ಸರ್) ಇಂಥ ಕಾಯಿಲೆಯಾಗ ಆ ಗಂಟುಗಳೊಳಗಿನ ಜೀವಕೋಶಗಳು ಕಿಡ್ನಿ ಹಂಗಿಲ್ಲದ, ಪಿಟಿಎಚ್ ಮಾತೂ ಕೇಳದ, ತಾವೇ 25ನ್ನ 1,25 ಮಾಡಾಕ ಹತ್ತುತಾವು, ಅದಕ್ಕ ತಡೆ ಅನ್ನೋದೇ ಇರಂಗಿಲ್ಲ. ಇಂಥವ್ರಿಗೆ "ವಿಟಮಿನ್ ಡಿ ಕಮ್ಮಿ ಐತಿ" ಅಂತ ಸ್ಯಾಶೆ ಮ್ಯಾಲ ಸ್ಯಾಶೆ ಕೊಟ್ರ ಕ್ಯಾಲ್ಸಿಯಂ ಇನ್ನಷ್ಟು ಏರಿ ವಾಂತಿ, ಮಲಬದ್ಧತೆ, ವಿಪರೀತ ನೀರಡಿಕೆ, ಪದೇಪದೇ ಮೂತ್ರ, ಕಿಡ್ನಿ ಕಲ್ಲು ಇವೆಲ್ಲಾ ಬರಬಹುದು. ನಮ್ಮ ಕಡೆ ಟಿಬಿ ಏನು ಅಪರೂಪ ಅಲ್ಲ, ಅದಕ್ಕ ಈ ಮಾತು ನೆನಪಿರ್ಲಿ. ಟಿಬಿಗೆ ಕೊಡೋ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡೋ ಫೆನಿಟಾಯಿನ್ ಈ ಔಷಧಿಗಳು 25ನ್ನ ಬೇಗ ಕರಗಿಸ್ತಾವು, ಅಂದ್ರ ಒಂದೇ ಪೇಷಂಟ್‌ನಾಗ ಎರಡೂ ಕಡೆ ಎಳೆದಾಟ ಇರಬಹುದು.

ಮೂರನೇದು ಮಕ್ಕಳು. ಕಾಲು ಸೊಟ್ಟಾಗೋದು, ಮಣಿಕಟ್ಟು ದಪ್ಪ ಆಗೋದು, ನಡಿಗಿ ತಡ ಆಗೋದು ಕಂಡ್ರ ಮೊದ್ಲು 25, ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಪಿಟಿಎಚ್, ಮಣಿಕಟ್ಟಿನ ಎಕ್ಸ್‌ರೇ. ಇಷ್ಟ್ರಾಗೇ ಹೆಚ್ಚಿನ ರಿಕೆಟ್ಸ್ (ಮಕ್ಕಳ ಎಲುವು ಮೆತ್ತಗಾಗೋ ಕಾಯಿಲೆ) ಸಿಕ್ಕಿಬೀಳ್ತೈತಿ. 25 ಸರಿ ಐತಿ ಆದ್ರೂ ರಿಕೆಟ್ಸ್ ಐತಿ ಅಂದಾಗ 1,25 ಬೇಕಾಗ್ತೈತಿ. ಕಿಡ್ನಿಯಾಗ 25ನ್ನ 1,25 ಮಾಡೋ ಕಿಣ್ವನೇ ಹುಟ್ಟಿನಿಂದ ಇಲ್ಲಾಂದ್ರ 1,25 ತಳ ಹತ್ತಿರ್ತೈತಿ, ದೇಹನೇ ಅದರ ಮಾತು ಕೇಳ್ತಿಲ್ಲಾಂದ್ರ 1,25 ಬಾಳ ಮ್ಯಾಲಿರ್ತೈತಿ. ಊಟದಾಗ ಕ್ಯಾಲ್ಸಿಯಮ್ಮೇ ಇಲ್ಲದ ಬರೋ ರಿಕೆಟ್ಸ್‌ನಾಗೂ 1,25 ಏರಿರ್ತೈತಿ. ಹಾಲು ಮಜ್ಜಿಗಿ ಬಿಟ್ಟು ಬರೀ ಅನ್ನ ಸಾರು, ಬಿಸ್ಕಿಟ್ ಮ್ಯಾಲ ಬೆಳಿಯೋ ಹುಡುಗ್ರಿಗೆ ಇದು ಬರಬಹುದು, ಬರೀ ಡಿ ಹನಿ ಹಾಕಿದ್ರ ಸಾಲಂಗಿಲ್ಲ.

ಟೆಸ್ಟೇ ಬ್ಯಾಡ ಅನ್ನೋ ದಾರಿ

ಇದನ್ನ ಯಾರೂ ಆಯ್ಕೆ ಅಂತ ಲೆಕ್ಕಕ್ಕ ಹಿಡಿಯಲ್ಲ, ಯಾಕಂದ್ರ ಪ್ಯಾಕೇಜ್ ಮಾರೋರಿಗೆ ಇದ್ರಿಂದ ಲಾಭ ಇಲ್ಲ. ತೊಂದ್ರೆ ಏನೂ ಇಲ್ಲ, ಎಲುವು ಮುರಿದಿಲ್ಲ, ಔಷಧಿ ಯಾವುದೂ ಇಲ್ಲ ಅನ್ನೋರಿಗೆ ಫುಲ್ ಬಾಡಿ ಚೆಕಪ್‌ನಾಗ ಬರೋ ಡಿ ನಂಬರ್‌ನಿಂದ ಸಿಗೋದು ಹೆಚ್ಚಾಗಿ ಚಿಂತಿ. ಐಸಿಎಂಆರ್ 2020ರ ಪಟ್ಟಿ ಪ್ರಕಾರ ದೊಡ್ಡವ್ರಿಗೆ ದಿನಕ್ಕ 600 ಯೂನಿಟ್ ಬೇಕು, ಅಷ್ಟನ್ನ ಟೆಸ್ಟ್ ಇಲ್ಲದೇನೂ ಡಾಕ್ಟ್ರನ್ನ ಕೇಳ್ಕೊಂಡು ತಗೋಬಹುದು. 60,000 ಸ್ಯಾಶೆ ಮಾತ್ರ ಅಂಗಡಿಯಾಗ ಕೇಳಿ ತಂದು ತಿಂಗಳಾನುಗಟ್ಟಲೆ ಕುಡಿಯೋ ವಸ್ತು ಅಲ್ಲ.

"ರಾಯಚೂರಿನ ಬಿಸಿಲಿಗೆ ಡಿ ಕಮ್ಮಿ ಹೆಂಗಾಗ್ತೈತಿ ಮಾರಾಯಾ" ಅಂತ ಎಲ್ಲರೂ ಕೇಳ್ತಾರ. ಡಿ ತಯಾರು ಮಾಡೋ ಯುವಿಬಿ ಕಿರಣ ಸಿಗೋದು ಸೂರ್ಯ ಮ್ಯಾಲೇರಿದಾಗ, ಹೆಚ್ಚುಕಮ್ಮಿ ಮುಂಜಾನೆ ಹತ್ತೂವರಿಯಿಂದ ಮಧ್ಯಾಹ್ನ ಮೂರರ ತನಕ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇರೋ ಹೊತ್ತು. ಆ ಹೊತ್ತಿನಾಗ ಏಪ್ರಿಲ್ ಮೇ ತಿಂಗಳು ನಮ್ಮ ಕಡೆ ಹೊರಗ ಬರೋ ಧೈರ್ಯ ಯಾರಿಗೈತಿ? ಬಂದ್ರೂ ತಲಿಮ್ಯಾಲ ಟವೆಲ್, ಮುಖಕ್ಕ ಕರ್ಚೀಫ್, ಕೈತುಂಬ ತೋಳು. ಮುಂಜಾನೆ ಏಳಕ್ಕ ವಾಕಿಂಗ್ ಹೋಗೋ ಎಳೆಬಿಸಿಲಿನಾಗ ಯುವಿಬಿ ಭಾಳ ಕಮ್ಮಿ, ಕಿಟಕಿ ಗಾಜಿನಿಂದ ಒಳಗ ಬರೋ ಬಿಸಿಲಿನಾಗಂತೂ ಬಹುತೇಕ ಇಲ್ಲ. ಚರ್ಮ ಕಪ್ಪಿದ್ದಷ್ಟು ಹೆಚ್ಚು ಹೊತ್ತು ಬಿಸಿಲು ಬೇಕು. ಬಳ್ಳಾರಿಯ ಜೀನ್ಸ್ ಹೊಲಿಯೋ ಘಟಕದಾಗ ಮುಂಜಾನಿಂದ ಸಂಜಿ ತನಕ ಮಷಿನ್ ಮುಂದ ಕೂಡೋರು, ಹಟ್ಟಿ ಚಿನ್ನದ ಗಣಿಯಾಗ ನೆಲದೊಳಗ ಶಿಫ್ಟ್ ಮಾಡೋರು, ಮನಿಬಿಟ್ಟು ಹೊರಬರದ ಅಜ್ಜ ಅಜ್ಜಿ, ಮೈತುಂಬ ಮುಚ್ಚಿಕೊಳ್ಳೋ ಹೆಣ್ಣುಮಕ್ಕಳು, ಇವ್ರಿಗೆ ನೋವು ಸುಸ್ತು ಇದ್ರ 25 ಟೆಸ್ಟ್ ಮಾಡಿಸೋದ್ರಾಗ ಅರ್ಥ ಐತಿ. ದಿನಾ ಹೊಲದಾಗ ಕಳೆ ತೆಗೆಯೋ ಗಟ್ಟಿ ಮನುಷ್ಯಗ ಅಷ್ಟು ಅವಸರ ಇಲ್ಲ.

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರು ಜಿಲ್ಲೆಯಾಗ ಇನ್ನೊಂದು ಮಾತು ಐತಿ, ಬೆಂಗಳೂರಿನ ಡಾಕ್ಟ್ರು ಇದನ್ನ ಕೇಳೋದೇ ಮರೀತಾರ: ಫ್ಲೋರೈಡ್. ಕುಷ್ಟಗಿ, ಯಲಬುರ್ಗಾ ಕಡೆ, ರಾಯಚೂರಿನ ಎಷ್ಟೋ ಹಳ್ಳಿಯಾಗ ಬೋರ್‌ವೆಲ್ ನೀರಿನಾಗ ಫ್ಲೋರೈಡ್ ಹೆಚ್ಚೈತಿ. ಲೀಟರ್‌ಗೆ 1 ಮಿಲಿಗ್ರಾಂ ತನಕ ಚಲೋ, ಬ್ಯಾರೆ ನೀರೇ ಇಲ್ಲಾಂದ್ರ 1.5 ತನಕ ನಡೀತೈತಿ ಅನ್ನೋದು ಸರ್ಕಾರದ ಮಾನದಂಡ. ವರ್ಷಾನುಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದ್ರ ಹಲ್ಲಿಗೆ ಕಂದು ಕಲೆ, ಆಮ್ಯಾಲ ಬೆನ್ನು ಬಿಗಿತ, ಕುತ್ತಿಗಿ ತಿರುಗದು, ಮೊಣಕಾಲು ನೋವು. ಈ ನೋವು ನೋಡಿದ್ರ ಥೇಟ್ ವಿಟಮಿನ್ ಡಿ ಕೊರತೆ ಹಂಗೇ. 25 ಮಾಡಿಸಿ 18 ಬಂತು, ಆರು ತಿಂಗಳು ಸ್ಯಾಶೆ ಕುಡಿದ್ರು, ನಂಬರ್ 40 ಆಯ್ತು, ನೋವು ಅಲ್ಲೇ ಐತಿ ಅಂದ್ರ 1,25 ಕಡೆ ಓಡೋಕಿಂತ ಮೊದ್ಲು ಕುಡಿಯೋ ನೀರು ಟೆಸ್ಟ್ ಮಾಡಿಸ್ರಿ, ಮುಂಗೈ ಎಕ್ಸ್‌ರೇ ಬಗ್ಗೆ ಡಾಕ್ಟ್ರನ್ನ ಕೇಳ್ರಿ, ಮೂತ್ರದಾಗೂ ಫ್ಲೋರೈಡ್ ಅಳೀತಾರ. ವಿಟಮಿನ್ ಡಿಯ ಯಾವ ಟೆಸ್ಟೂ ಫ್ಲೋರೈಡ್ ತೋರಿಸಂಗಿಲ್ಲ. ಎರಡೂ ಒಟ್ಟಿಗೆ ಇರೋ ಮನುಷ್ಯರೂ ಅದಾರ.

ಲ್ಯಾಬ್ ಆರಿಸೋದು, ರಕ್ತ ಕೊಡೋದು

25ಕ್ಕ ಖಾಲಿ ಹೊಟ್ಟಿ ಬೇಕಾಗಿಲ್ಲ, ಯಾವ ಹೊತ್ತಿಗಾದ್ರೂ ಕೊಡಬಹುದು, ಒಗ್ಗರಣಿ ಮಿರ್ಚಿ ತಿಂದು ಹೋದ್ರೂ ನಡೀತೈತಿ. ಆದ್ರ ಅದೇ ರಕ್ತದಾಗ ಶುಗರ್ ನೋಡಸ್ತಿದ್ರ ಅದರ ನಿಯಮ ಬ್ಯಾರೆ. ಕೂದಲು ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ರ ಲ್ಯಾಬ್‌ನವ್ರಿಗೆ ಹೇಳಿ ಎರಡ್ಮೂರು ದಿನ ಮೊದ್ಲು ನಿಲ್ಲಿಸ್ರಿ, ಕೆಲವು ಮಷಿನ್‌ನಾಗ ಅದ್ರಿಂದ ಡಿ ಸುಳ್ಳೇ ಹೆಚ್ಚು ತೋರಿಸ್ತೈತಿ.

ಮಷಿನ್ ವಿಚಾರನೂ ಒಂದಿಷ್ಟು. ಹೆಚ್ಚಿನ ಲ್ಯಾಬ್‌ನಾಗ ನಡಿಯೋದು ಸಿಎಲ್‌ಐಎ ಅಥವಾ ಅದರ ಅಣ್ಣತಮ್ಮಂದಿರ ಪದ್ಧತಿ, ಬೇಗ ಆಗ್ತೈತಿ, ಅಗ್ಗ. ಇನ್ನೊಂದು ಎಲ್‌ಸಿಎಂಎಸ್, ದೊಡ್ಡ ಲ್ಯಾಬ್‌ನಾಗ ಮಾತ್ರ, ವಿಟಮಿನ್ ಡಿಯ ಎರಡು ರೂಪಗಳಾದ ಡಿ2 ಎಷ್ಟು ಡಿ3 ಎಷ್ಟು ಅಂತ ಬಿಡಿಸಿ ಹೇಳ್ತೈತಿ. ಸಾದಾ ಕೊರತೆ ನೋಡಾಕ ಸಿಎಲ್‌ಐಎ ಸಾಕು. ಆದ್ರ ಒಂದು ಲ್ಯಾಬ್‌ನಾಗ 22, ಇನ್ನೊಂದ್ರಾಗ 27 ಬರೋದು ಈ ಪದ್ಧತಿಗಳ ವ್ಯತ್ಯಾಸದಿಂದ್ಲೂ ಇರಬಹುದು, ಅದಕ್ಕ ಔಷಧಿ ಮುಂಚೆ ಎಲ್ಲಿ ಮಾಡಿಸಿದ್ರೋ ಔಷಧಿ ಆದ ಮ್ಯಾಲೂ ಅಲ್ಲೇ ಮಾಡಿಸ್ರಿ. 1,25 ಮಾತ್ರ ಊರಾಗಿನ ಲ್ಯಾಬ್‌ನವ್ರು ಸಾಮಾನ್ಯವಾಗಿ ತಾವೇ ಮಾಡಂಗಿಲ್ಲ, ರಕ್ತ ತಗೊಂಡು ತಣ್ಣಗಿಟ್ಟು ದೊಡ್ಡ ಊರಿಗೆ ಕಳಿಸ್ತಾರ, ರಿಪೋರ್ಟ್‌ಗೆ ದಿನಗಳೇ ಹಿಡೀತಾವು. ಎಲ್ಲಿ ಕಳಿಸ್ತೀರಿ, ಯಾವ ಪದ್ಧತಿ ಅಂತ ಕೇಳಾಕ ಸಂಕೋಚ ಬ್ಯಾಡ, ರೊಕ್ಕ ನಮ್ದು. ಪ್ರೈವೇಟ್‌ಗೆ ಹೋಗೋ ಮೊದ್ಲು ರಾಯಚೂರಿನವ್ರು ರಿಮ್ಸ್, ಬಳ್ಳಾರಿಯವ್ರು ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ಕೊಪ್ಪಳದವ್ರು ತಮ್ಮ ಮೆಡಿಕಲ್ ಕಾಲೇಜ್ ಆಸ್ಪತ್ರೆಯಾಗ ಒಮ್ಮೆ ವಿಚಾರಿಸ್ರಿ.

ಕೈಯಾಗ ಇರೋ ರೊಕ್ಕ ಕಮ್ಮಿ ಅಂದ್ರ, 1,25ಕ್ಕ ಹಾಕೋ ದುಡ್ಡಿನಾಗ 25, ಕ್ಯಾಲ್ಸಿಯಂ, ಅಲ್ಬುಮಿನ್, ಫಾಸ್ಫರಸ್, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್ ಇಷ್ಟನ್ನ ಮಾಡಿಸ್ಕೊಂಡು ಡಾಕ್ಟ್ರ ಹತ್ರ ಹೋಗೋದು ನನ್ನ ಪ್ರಕಾರ ಶಾಣ್ಯಾತನ. ಪಿಟಿಎಚ್ ಸೇರಿಸಿದ್ರ ಇನ್ನೂ ಚೊಲೋ. 25 ಕಮ್ಮಿ ಐತಿ, ಪಿಟಿಎಚ್ ಏರೈತಿ, ಆಲ್ಕಲೈನ್ ಫಾಸ್ಫಟೇಸ್ ಏರೈತಿ ಅಂದ್ರ ಆ ಕೊರತೆ ಎಲುವಿಗೆ ಮುಟ್ಟಿರಬಹುದು ಅಂತ ಅನುಮಾನ ಬರ್ತೈತಿ, ಬರೀ 25 ಒಂದೇ ಇದ್ರ ಅಷ್ಟು ಗೊತ್ತಾಗಂಗಿಲ್ಲ.

ಕೊನೀದಾಗಿ ಮಾತ್ರೆ. "ಮೂರು ತಿಂಗಳಿಂದ ವಿಟಮಿನ್ ಡಿ ಮಾತ್ರೆ ನುಂಗ್ತೀನಿ, 25 ಏರೇ ಇಲ್ಲ, ಲ್ಯಾಬ್ ಸುಳ್ಳು" ಅಂತ ಜಗಳಕ್ಕ ನಿಲ್ಲೋರು ಮೊದ್ಲು ಸ್ಟ್ರಿಪ್‌ನ ಹಿಂದ ಓದ್ರಿ. ಕೊಲೆಕ್ಯಾಲ್ಸಿಫೆರಾಲ್ ಅಂತಿದ್ರ ಅದು ಸಾದಾ ಡಿ3, 25 ಏರಿಸ್ತೈತಿ. ಕ್ಯಾಲ್ಸಿಟ್ರಿಯಾಲ್ 0.25 ಮೈಕ್ರೋಗ್ರಾಂ ಅಂತಿದ್ರ ಅದು ರೆಡಿ ಆಕ್ಟಿವ್ ಡಿ, ಕ್ಯಾಲ್ಸಿಯಂ ಜೊತಿ ಕೂಡಿಸಿ ಮಾರೋ ಬಾಳ ಕ್ಯಾಪ್ಸೂಲ್‌ನಾಗ ಇದೇ ಇರ್ತೈತಿ, ಇದು 25 ಟೆಸ್ಟ್‌ನಾಗ ಕಾಣಂಗೇ ಇಲ್ಲ, ಸಂಗ್ರಹನೂ ಹೆಚ್ಚಿಸಂಗಿಲ್ಲ. ಆಲ್ಫಾಕ್ಯಾಲ್ಸಿಡಾಲ್ ಇದ್ರೂ ಅದೇ ಕಥಿ, ಅದು ಲಿವರ್‌ನಾಗ ನೇರ ಆಕ್ಟಿವ್ ಆಗ್ತೈತಿ, ಅದಕ್ಕೇ ಕಿಡ್ನಿ ಸೋತವ್ರಿಗೆ ಕೊಡ್ತಾರ. ಈ ಎರಡೂ ಕ್ಯಾಲ್ಸಿಯಂನ ಬೇಗ ಏರಿಸ್ತಾವು, ಕಿಡ್ನಿ ತೊಂದ್ರೆ ಇಲ್ಲದವ್ರು ಯಾರೋ ಹೇಳಿದ್ರು ಅಂತ ತಿಂಗಳುಗಟ್ಟಲೆ ನುಂಗಬಾರ್ದು. 1,25 ಟೆಸ್ಟ್ ಕೊಡೋ ದಿನ ಇವನ್ನ ನುಂಗಿದ್ರೋ ಇಲ್ಲೋ, ಎಷ್ಟು ತಾಸಾಯ್ತು ಅನ್ನೋದು ಡಾಕ್ಟ್ರಿಗೆ ಗೊತ್ತಿರ್ಬೇಕು, ಇಲ್ಲಾಂದ್ರ ಆ ನಂಬರ್ ಓದಾಕ ಬರಂಗಿಲ್ಲ. ಸಾದಾ ಡಿ3 ಕೋರ್ಸ್ ಶುರು ಮಾಡಿದವ್ರು 25ನ್ನ ಮತ್ತ ನೋಡಿಸೋದು ಮೂರು ತಿಂಗಳಾದ ಮ್ಯಾಲ, ಅದಕ್ಕಿಂತ ಮೊದ್ಲು ಮಾಡಿಸಿದ್ರ ಇನ್ನೂ ಏರ್ತಾ ಇರೋ ಅರ್ಧಂಬರ್ಧ ನಂಬರ್ ಸಿಗ್ತೈತಿ ಅಷ್ಟ, ಹೋಗುವಾಗ ಹಳೇ ರಿಪೋರ್ಟೂ ಖಾಲಿ ಸ್ಟ್ರಿಪ್ಪೂ ಎರಡೂ ಒಯ್ರಿ.